ಮತಯಾಚನೆಯೂ ಗಣಾಚಾರವೂ

ಪಂಚಾಚಾರಗಳಲ್ಲಿ ಗಣಾಚಾರವೆಂಬುದು ಅತ್ಯಂತ ತೇಜಸ್ವಿಯಾದುದು. ಅಂತೆಯೇ ಅತಿ ಸುಲಭವಾಗಿ ಅಪಾರ್ಥಕ್ಕೆ ಒಳಗಾಗತಕ್ಕದ್ದು. ಶಿವನಿಂದೆಯನ್ನೂ ಶರಣರ ಅವಹೇಳನವನ್ನೂ ಸಹಿಸದಿರುವುದು, ಅನ್ಯಾಯವೊದಗಿದಾಗ ಅಂಜದೆ ಎದ್ದು ನಿಲ್ಲುವುದು ಇದರ ಲಕ್ಷಣವೆಂದು ಹಿರಿಯರು ಹೇಳಿದ್ದಾರೆ. ಆದರೆ ಈ ಆಚಾರವು ಒಂಟಿಯಾಗಿ ನಿಲ್ಲುವುದಿಲ್ಲ. ಸದಾಚಾರವಿಲ್ಲದ ಗಣಾಚಾರವು ಬರಿಯ ಗುಂಪುಗಾರಿಕೆ. ಭೃತ್ಯಾಚಾರದ ವಿನಯವಿಲ್ಲದಿದ್ದರೆ ಅದೇ ದರ್ಪ. ಚುನಾವಣೆಯ ಕಾಲದಲ್ಲಿ 'ನಮ್ಮ ಸಮಾಜ', 'ನಮ್ಮವರು' ಎಂಬ ಮಾತುಗಳು ಉಮೇದುವಾರರ ಬಾಯಲ್ಲಿ ಪಂಚಾಕ್ಷರಿಯಂತೆ ಜಪಗೊಳ್ಳುವುದನ್ನು ಕೇಳುವ ಸದ್ಭಕ್ತರು ಈ ವಿವೇಕವನ್ನು ಮರೆಯಬಾರದು.

ಗದಗು-ಬೆಟಗೇರಿಯಿಂದ ಹಿಡಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳವರೆಗೆ ಮಠವಿಲ್ಲದ ಊರು ವಿರಳ. ಉಮೇದುವಾರನು ಹೊಕ್ಕು ಹೊರಡದ ಮಠವು ಇನ್ನೂ ವಿರಳ. ಹಣೆಯಲ್ಲಿ ಆ ದಿನದ ಮಟ್ಟಿಗೆ ಧರಿಸಿದ ವಿಭೂತಿ, ಕೈಯಲ್ಲಿ ಹಣ್ಣು-ಹೂವಿನ ಹರಿವಾಣ, ಹಿಂದೆ ಹತ್ತಿಪ್ಪತ್ತು ಅನುಯಾಯಿಗಳು. ಗುರುವಿನ ಪಾದಕ್ಕೆರಗುವುದರಲ್ಲಿ ದೋಷವಿಲ್ಲ. ಬಂದವನಿಗೆ ಆಶೀರ್ವದಿಸುವುದರಲ್ಲಿಯೂ ದೋಷವಿಲ್ಲ. ಬೆಳಿಗ್ಗೆ ಬಂದವನಿಗೂ ಅವನ ಎದುರಾಳಿಯಾಗಿ ಸಂಜೆ ಬಂದವನಿಗೂ ಗುರುವಿನ ಹಸ್ತವು ಒಂದೇ ಸಮನಾಗಿ ಎತ್ತುತ್ತದೆ. ಆ ಹಸ್ತದ ಭಾವಚಿತ್ರವನ್ನು ಮರುದಿನ ಊರೂರಿಗೆ ಹಂಚಿ, ಮಠದ ಒಕ್ಕಲೆಲ್ಲ ತನ್ನ ಪಾಲಿಗೆ ಬಂದಿತೆಂದು ಸಾರುವಲ್ಲಿ ದೋಷವಿದೆ. ಆಶೀರ್ವಾದವು ಅಲ್ಲಿ ಸರಕಾಗುತ್ತದೆ, ಭಕ್ತನು ಬಾಬ್ತಾಗುತ್ತಾನೆ.

ದೇಶದ ಶಾಸನವೂ ಇದನ್ನು ಅರಿಯದಿಲ್ಲ. 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 123ನೆಯ ಕಲಮು ಧರ್ಮ, ಜಾತಿಗಳ ಹೆಸರಿನಲ್ಲಿ ಮತ ಬೇಡುವುದನ್ನು ಭ್ರಷ್ಟಾಚರಣೆಯೆಂದು ಎಣಿಸಿದೆ. ಉಮೇದುವಾರನ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಮುಂದೆಮಾಡಿ ಬೇಡಿದರೂ ಅದು ತಪ್ಪೇ ಎಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು 2017ರ ಜನವರಿ 2ರಂದು, ನಾಲ್ವರ ಬಹುಮತದಿಂದ ನಿರ್ಣಯಿಸಿತು. ಧಾರ್ಮಿಕ ಸಂಸ್ಥೆಗಳ ಆವರಣವನ್ನು ರಾಜಕೀಯ ಕಾರ್ಯಕ್ಕೆ ಬಳಸಬಾರದೆಂದು 1988ರ ಬೇರೊಂದು ಕಾಯಿದೆಯೂ ಇದೆ. ಕಾಯಿದೆಯ ಅಂಜಿಕೆಯಿಂದ ನಡೆವ ಶುದ್ಧಿ ಎಷ್ಟು ದಿನದ್ದೆಂಬುದು ಬೇರೆ ಮಾತು.

2018ರ ಮಾರ್ಚ್ 19ರಂದು ರಾಜ್ಯದ ಮಂತ್ರಿಮಂಡಲವು ಪ್ರತ್ಯೇಕ ಧರ್ಮದ ಮನ್ನಣೆಗೆ ಶಿಫಾರಸು ಮಾಡಿದಾಗ ವಿಧಾನಸಭೆಯ ಮತದಾನಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ. ಆ ಪ್ರಶ್ನೆಯ ಸತ್ಯಾಸತ್ಯ ಬೇರೆಯೇ ಆದ ವಿಚಾರ. ಆದರೆ ಶತಮಾನದ ವಿದ್ವಚ್ಚರ್ಚೆಯೊಂದು ಮತಪೆಟ್ಟಿಗೆಯ ಲೆಕ್ಕಕ್ಕೆ ಸಿಕ್ಕಿದುದನ್ನೂ, ಅದೇ ವಸಂತದಲ್ಲಿ ಉಭಯ ಪಕ್ಷಗಳ ರಾಷ್ಟ್ರನಾಯಕರು ತುಮಕೂರಿನ ಸಿದ್ಧಗಂಗೆಯ ದಾರಿ ಹಿಡಿದುದನ್ನೂ ನಾಡು ಕಂಡಿತು.

2024ರ ಏಪ್ರಿಲ್ ತಿಂಗಳಲ್ಲಿ ಪ್ರಸಂಗವು ಇನ್ನೂ ಹತ್ತಿರಕ್ಕೆ ಬಂದಿತು. ಶಿರಹಟ್ಟಿಯ ಫಕೀರೇಶ್ವರ ಮಠದ ಫಕೀರ ದಿಂಗಾಲೇಶ್ವರ ಸ್ವಾಮಿಗಳು, ಲಿಂಗಾಯತರಿಗೂ ಇತರ ಸಮುದಾಯಗಳಿಗೂ ಅನ್ಯಾಯವಾಗುತ್ತಿದೆಯೆಂದು ಆಕ್ಷೇಪಿಸಿ, ಧಾರವಾಡ ಲೋಕಸಭಾ ಕ್ಷೇತ್ರದಲ್ಲಿ ಪ್ರಲ್ಹಾದ ಜೋಶಿಯವರ ಎದುರು ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿದರು. ಅದೇ ತಿಂಗಳಲ್ಲಿ ಹಿಂತೆಗೆದುಕೊಂಡರು. ಸಂನ್ಯಾಸಿಯೂ ನಾಗರಿಕನೇ, ಅವನಿಗೂ ಹಕ್ಕುಂಟೆಂಬ ಮಾತು ನಿಜ. ಆದರೆ ಹಿಂದೂ-ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಭಾವೈಕ್ಯದ ಗದ್ದುಗೆ ಅದು. ಗದ್ದುಗೆಯ ಮೇಲಿರುವವರು ಒಬ್ಬರ ಎದುರಾಳಿಯಾದರೆ, ಆ ಎದುರಿನವನಿಗೆ ಮತ ಹಾಕುವ ಭಕ್ತನು ಮಠದ ಹೊಸ್ತಿಲನ್ನು ಯಾವ ಮೋರೆ ಹೊತ್ತು ತುಳಿಯಬೇಕು? ಅಲ್ಲದೆ ಶಿರಹಟ್ಟಿಯ ಒಕ್ಕಲು ಸ್ವತಃ ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿದವರು. ಅವರ ಪಾಲಿಗೆ ಕಳವಳ ಮಾತ್ರ ಬಂದಿತು, ಮತ ಬರಲಿಲ್ಲ.

ಶಿರಹಟ್ಟಿಯ ವಿಧಾನಸಭಾ ಕ್ಷೇತ್ರ, ಲಕ್ಷ್ಮೇಶ್ವರವೂ ಅದರೊಳಗೇ ಇದೆ, 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ 'ನಮ್ಮವನಿಗೆ ಮತ' ಎಂಬ ಮಾತು ಲಿಂಗಾಯತ ಗೃಹಸ್ಥನ ಮಟ್ಟಿಗೆ ಹುಟ್ಟಲೇ ಆಗದು. ಶಿವಾಚಾರದ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಕಣವೆಲ್ಲಿ? ಕುಲವನ್ನೆಣಿಸದೆ ನಡೆಯನ್ನು ನೋಡಬೇಕೆಂಬುದನ್ನು ಶರಣರು ಉಪದೇಶಿಸಿದರು. ಇಲ್ಲಿ ಸಂವಿಧಾನವು ಅದನ್ನು ಅನಿವಾರ್ಯವಾಗಿಸಿದೆ. ವಚನಕಾರ ಆದಯ್ಯನು ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದು ನೆಲಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರವಷ್ಟೆ. ಪರದೇಶದಿಂದ ಬಂದವನನ್ನು ತನ್ನವನೆಂದ ಊರು ಅದು.

ಇನ್ನು ಗೃಹಸ್ಥನ ನಿಜವಾದ ಸಂಕಟವಿರುವುದು ಬೇರೆ ಕಡೆ. ಈ ಭಾಗದ ಸಾವಿರಾರು ಮನೆಗಳಲ್ಲಿ ಮಠದ ಪ್ರಸಾದ ನಿಲಯದಲ್ಲಿ ಉಂಡು ಅಕ್ಷರ ಕಲಿತವರಿದ್ದಾರೆ. ತಂದೆಯ ಬಡತನದಲ್ಲಿ ಜೋಳದ ರೊಟ್ಟಿ ನೀಡಿದ ಮಠವು ಇಂದು ಒಬ್ಬ ಉಮೇದುವಾರನ ಕಡೆಗೆ ಬೆರಳು ತೋರಿದರೆ, ಬೇರೆಡೆಗೆ ಮತ ಹಾಕುವುದು ಕೃತಘ್ನತೆಯಲ್ಲವೇ? ಈ ಸಂದೇಹವನ್ನು ಹಗುರಾಗಿ ತಳ್ಳಿಹಾಕಲಾಗದು, ಗುರುಋಣವು ಮಹತ್ತಾದುದು. ಆದರೆ ದಾಸೋಹವೆಂಬುದು ಸಾಲವಲ್ಲ. ಕೊಟ್ಟೆನೆಂಬ ಅಹಂಕಾರವಳಿದಾಗಲೇ ದಾನವು ದಾಸೋಹವಾಗುವುದು. ಪ್ರತಿಫಲವನ್ನು ಬೇಡಿದರೆ ಅದು ದಾಸೋಹವೇ ಅಲ್ಲ. ಆದುದರಿಂದ ಉಂಡ ಪ್ರಸಾದದ ಲೆಕ್ಕವನ್ನು ಮತದಲ್ಲಿ ತೀರಿಸಹೊರಟ ಭಕ್ತನು ಮಠದ ಅನ್ನವನ್ನೇ ಖಾನಾವಳಿಯ ಅನ್ನಕ್ಕಿಳಿಸುತ್ತಾನೆ. ದೀಕ್ಷೆಯ ದಿನ ಗುರುವು ಇಷ್ಟಲಿಂಗವನ್ನು ಶಿಷ್ಯನ ಕರಸ್ಥಲದಲ್ಲಿ ಇಟ್ಟನು. ತನ್ನ ಬಳಿ ಇಟ್ಟುಕೊಳ್ಳಲಿಲ್ಲ. ನಿನ್ನ ಪೂಜೆಯನ್ನು ನೀನೇ ಮಾಡೆಂಬುದು ಅದರ ಅಭಿಪ್ರಾಯ. ಅರ್ಚನೆಯನ್ನೇ ಮತ್ತೊಬ್ಬರಿಗೆ ವಹಿಸದವನು ಮತವನ್ನು ವಹಿಸುವುದೆಂತು?

ಹಾಗಾದರೆ ಮಠಗಳು ಲೋಕದ ವಿಚಾರಕ್ಕೆ ಬಾಯಿ ತೆರೆಯಬಾರದೇ? ಖಂಡಿತ ತೆರೆಯಬೇಕು. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗಾಗಿ 3,000 ಎಕರೆಗೂ ಮಿಕ್ಕು ಭೂಮಿ ಕೊಳ್ಳಲು ಸರಕಾರವು ಮುಂದಾದಾಗ, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ರೈತರ ಪರವಾಗಿ ನಿಂತರು. 2011ರಲ್ಲಿ ಸರಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಕಪ್ಪತಗುಡ್ಡದ ಸಂರಕ್ಷಿತ ಪ್ರದೇಶದ ಪಟ್ಟವು ರದ್ದಾದಾಗ 2017ರಲ್ಲಿ ಅವರು ಗದಗಿನಲ್ಲಿ ಧರಣಿ ಕುಳಿತರು. ಅದೇ ವರ್ಷ ಪಟ್ಟವು ಮರಳಿತು. 2019ರಲ್ಲಿ ಆ ಗುಡ್ಡವು ವನ್ಯಜೀವಿಧಾಮವಾಯಿತು. ಅದನ್ನು ಕಾಣಲು ಅವರಿರಲಿಲ್ಲ, 2018ರ ಅಕ್ಟೋಬರದಲ್ಲಿಯೇ ಲಿಂಗೈಕ್ಯರಾಗಿದ್ದರು. ಪ್ರತ್ಯೇಕ ಧರ್ಮದ ವಿಷಯದಲ್ಲಿ ಅವರ ನಿಲುವನ್ನು ಒಪ್ಪದವರುಂಟು. ಗುಡ್ಡದ ಗಾಳಿಯನ್ನು ಅವರೂ ಉಸಿರಾಡುತ್ತಾರೆ. ಹೊಲವೂ ಗುಡ್ಡವೂ ಯಾವ ಜಾತಿಯ ಪಟ್ಟಿಯಲ್ಲಿಯೂ ಇಲ್ಲ. ಗಣಾಚಾರದ ತೇಜಸ್ಸು ಸದಾಚಾರದೊಡನೆ ಕೂಡಿದ್ದು ಅಲ್ಲಿ.

ಮುಂದಿನ ಸಲ ಮುಂಡರಗಿಯ ಮಠದಂಗಳದಲ್ಲಿ ಉಮೇದುವಾರನು ಕೈಮುಗಿದು ನಿಂತಾಗ ಒಕ್ಕಲಿಗನೊಬ್ಬನು ತನ್ನ ಕುಲದ ಮಾತೆತ್ತದೆ, ಹಮ್ಮಿಗಿಯಲ್ಲಿ ತುಂಗಭದ್ರೆಗೆ ಅಡ್ಡಗಟ್ಟಿದ ಸಿಂಗಟಾಲೂರು ಏತ ನೀರಾವರಿಯ ನೀರು ತನ್ನ ಹೊಲದ ಕಾಲುವೆಗೆ ಎಂದು ಬಂದೀತೆಂದು ಕೇಳಬಹುದು. ಕಪ್ಪತಗುಡ್ಡದಲ್ಲಿ ಗಣಿಗಾರಿಕೆಗೆ ಅನುಮತಿ ಕೊಡಿಸುವೆಯಾ, ತಡೆಯುವೆಯಾ ಎಂದೂ ಕೇಳಬಹುದು. ಗುರುಗಳು ಆಗ ಬಳಿಯಲ್ಲಿಯೇ ಕುಳಿತು ಇಬ್ಬರ ಮಾತನ್ನೂ ಆಲಿಸುತ್ತಿರಲಿ.