ನಿದಾನವೂ ನಿಧಾನವೂ

ರೋಗದ ಮೂಲಕಾರಣವನ್ನು ಅರಸಿ ನಿಶ್ಚಯಿಸುವ ಕ್ರಮಕ್ಕೆ ವೈದ್ಯಶಾಸ್ತ್ರವು ‘ನಿದಾನ’ವೆಂದು ಹೆಸರಿಟ್ಟಿದೆ. ಅವಸರವಿಲ್ಲದ ನಡೆಯನ್ನು ಕನ್ನಡಿಗರು ‘ನಿಧಾನ’ವೆನ್ನುತ್ತಾರೆ. ಒಂದು ಮಹಾಪ್ರಾಣದಷ್ಟೇ ಅಂತರವಿರುವ ಈ ಎರಡು ಪದಗಳು ವ್ಯವಹಾರದಲ್ಲಿ ಒಂದನ್ನೊಂದು ಅಗಲಿರಲಾರವು. ಶರಣಸಂಕುಲದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ಚಿಕಿತ್ಸೆಯೇ ಆತನ ಕಾಯಕ. ವ್ಯಾಧಿ ಮತ್ತು ಔಷಧಗಳ ಪರಿಭಾಷೆಯಲ್ಲಿಯೇ ಆತನು ಪರಮಾರ್ಥವನ್ನು ನಿರೂಪಿಸಿದನು. ಕೈಯಲ್ಲಿರುವ ವೃತ್ತಿಯು ಯಾವುದೇ ಆಗಲಿ, ಅದರೊಳಗಿನಿಂದಲೇ ತತ್ತ್ವವನ್ನು ಕಾಣಬಹುದೆಂಬುದು ಶರಣರ ನಿಲುವಾದುದರಿಂದ, ಇಂದಿನ ಗೃಹಸ್ಥನು ಮನೆಯಂಗಳದಲ್ಲಿ ಕೆಟ್ಟು ನಿಂತ ಮೋಟಾರ್ ಸೈಕಲ್ಲಿನ ಮುಂದೆ ಈ ಮಾತನ್ನು ವಿಚಾರಿಸಿದರೆ ಅಪಚಾರವೇನೂ ಆಗದು.

ಹಲಸೂರಿನ ಸೋಮೇಶ್ವರ ದೇವಾಲಯದ ಆಸುಪಾಸಿನಲ್ಲಿ ಮನೆ ಮಾಡಿಕೊಂಡಿರುವ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಬೈಕಿನ ಮೇಲೆ ಪೊಟ್ಟಣಗಳನ್ನು ಹೊತ್ತು, ಇಂದಿರಾನಗರವನ್ನು ಸುತ್ತಿ, ಹಳೇ ಮದ್ರಾಸ್ ರಸ್ತೆಯನ್ನು ಹಿಡಿದು ಕೃಷ್ಣರಾಜಪುರದವರೆಗೆ ಮುಟ್ಟಿಸಿ ಬರುವುದು ಆತನ ಕಾಯಕ. ಗಾಡಿ ಓಡಿದ ದಿನ ಸಂಪಾದನೆ. ನಿಂತ ದಿನ ಉಪವಾಸವಲ್ಲದಿದ್ದರೂ ಸಾಲ. ಮಳೆ ಸುರಿದ ರಾತ್ರಿಯ ಮರುದಿನ ಬೆಳಗ್ಗೆ ಪೂಜೆ ಮುಗಿಸಿ ಹೊರಗೆ ಬಂದು ಕಿಕ್ ಹೊಡೆಯುತ್ತಾನೆ, ಇಂಜಿನ್ ಉಸಿರೆತ್ತದು. ಹತ್ತು ಸಲ, ಇಪ್ಪತ್ತು ಸಲ ಹೊಡೆದು ಬೆವರುತ್ತಾನೆ. ಆಮೇಲೆ ಗಾಡಿಯನ್ನು ಬೈಯುತ್ತಾನೆ, ಪೆಟ್ರೋಲ್ ಬಂಕನ್ನು ಬೈಯುತ್ತಾನೆ, ಹಿಂದಿನ ತಿಂಗಳು ಸರ್ವೀಸ್ ಮಾಡಿದವನನ್ನು ಬೈಯುತ್ತಾನೆ. ಇಪ್ಪತ್ತು ಸಲ ಒದ್ದರೂ ಆತನು ಒಂದು ಸಲವೂ ನೋಡಿಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಲೋಕವನ್ನು ತಿದ್ದಹೊರಟವನು ಮೊದಲು ತನ್ನನ್ನು ನೋಡಿಕೊಳ್ಳಲೆಂಬ ಬಸವಣ್ಣನವರ ಬೋಧೆಯು ಇಲ್ಲಿ ಅಕ್ಷರಶಃ ಉಪಯೋಗಕ್ಕೆ ಬರುತ್ತದೆ. ಹ್ಯಾಂಡಲಿನ ಬಲಗಡೆಯ ಕೆಂಪು ಸ್ವಿಚ್ಚು ಆಫ್ ಆಗಿದೆಯೇ? ಪೆಟ್ರೋಲ್ ಕಾಕ್ ಮುಚ್ಚಿದೆಯೇ? ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ಸೈಡ್ ಸ್ಟ್ಯಾಂಡ್ ಇಳಿದಿದ್ದರೆ, ಗೇರಿನಲ್ಲಿದ್ದರೆ ಹೊರಡದಂತೆ ಕೆಲವು ಗಾಡಿಗಳಲ್ಲಿ ಏರ್ಪಾಡಿರುತ್ತದೆ. ದಾರಿಬದಿಯಲ್ಲಿ ಆಟವಾಡುವ ಮಕ್ಕಳ ಕೈ ಆ ಕೆಂಪು ಸ್ವಿಚ್ಚಿಗೆ ತಾಗಿದ ಕಾರಣ ಗ್ಯಾರೇಜಿನವರೆಗೂ ತಳ್ಳಿಸಿಕೊಂಡು ಹೋದ ಗಾಡಿಗಳಿಗೆ ಲೆಕ್ಕವಿಲ್ಲ!

ಇಷ್ಟೂ ಸರಿಯಾಗಿದ್ದರೆ ಪರೀಕ್ಷೆಯು ಒಳಕ್ಕೆ ಸರಿಯಬೇಕು. ಇಂಜಿನ್ನಿಗೆ ಬೇಕಾದುದು ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲ್, ಸಕಾಲದಲ್ಲಿ ಕಿಡಿ, ಆ ಮಿಶ್ರಣವನ್ನು ಅದುಮುವ ಒತ್ತಡ. ಇವುಗಳಲ್ಲಿ ಯಾವುದು ತಪ್ಪಿದೆಯೆಂಬುದಕ್ಕೆ ಪ್ಲಗ್ಗೇ ಸಾಕ್ಷಿ. ಹಲವು ಸಲ ಕಿಕ್ ಹೊಡೆದ ಬಳಿಕ ಬಿಚ್ಚಿದ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬಂದು ಮುಟ್ಟುತ್ತಿಲ್ಲವೆಂದು ಶಂಕಿಸಬೇಕು. ಕಾರ್ಬೊರೇಟರಿನ ಜೆಟ್ಟಿನಲ್ಲಿ ಕಸ ಕೂತಿರಬಹುದು. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಉರಿದಿಲ್ಲ. ಆಗ ಕಿಡಿಯನ್ನು ನೋಡಬೇಕು. ಒಣ ಕರಿ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರನ್ನು ತೆರೆದು ನೋಡಬೇಕು. ಓಡುತ್ತ ಓಡುತ್ತ ಕೆಲವು ನಿಮಿಷಕ್ಕೆ ನಿಂತುಬಿಡುವ, ಟ್ಯಾಂಕಿನ ಮುಚ್ಚಳ ತೆರೆದು ಹಾಕಿದರೆ ಮತ್ತೆ ಹೊರಡುವ ಗಾಡಿಯಲ್ಲಿ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿರುವುದುಂಟು. ಮಳೆಯ ಮರುದಿನವಾದರೆ ಪ್ಲಗ್ ಕ್ಯಾಪಿನೊಳಗೆ ನೀರು ಸೇರಿದೆಯೇ ಎಂದು ಮೊದಲು ನೋಡುವುದು ಲೇಸು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಪರೀಕ್ಷಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಗಾಡಿ ಹೊರಟರೂ ದೋಷ ಯಾವುದೆಂಬುದು ತಿಳಿಯದೆ ಉಳಿಯುತ್ತದೆ.

2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರಿನ ಸ್ಥಾನವನ್ನು ಇಂಜೆಕ್ಷನ್ ಏರ್ಪಾಡು ಆಕ್ರಮಿಸಿತು. ಅಲ್ಲಿಯೂ ನಿದಾನದ ಕ್ರಮ ಬದಲಾಗಿಲ್ಲ. ಕೀ ತಿರುಗಿಸಿದಾಗ ಪೆಟ್ರೋಲ್ ಪಂಪಿನ ಸಣ್ಣ ಮೊರೆತ ಎರಡು ಮೂರು ಕ್ಷಣ ಕೇಳಬೇಕು. ಸೆಲ್ಫ್ ಒತ್ತಿದಾಗ ಬರೀ ‘ಟಿಕ್’ ಎಂದು ದೀಪ ಮಂಕಾದರೆ ಬ್ಯಾಟರಿಯನ್ನು ಶಂಕಿಸಬೇಕು.

ನಿಧಾನವಿಲ್ಲದುದರ ಫಲವನ್ನು ಬೆಂಗಳೂರಿನ ಪೂರ್ವಭಾಗವು 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಕಂಡಿತು. ಮಹಾಮಳೆಯಿಂದ ಬಡಾವಣೆಗಳು ಜಲಾವೃತವಾಗಿ ಕಾರುಗಳೂ ಬೈಕುಗಳೂ ಮುಳುಗಿ ನಿಂತವು. ನೀರಿಳಿದೊಡನೆ ಸೆಲ್ಫ್ ಒತ್ತಿ ನೋಡುವ ಆಸೆ ಯಾರಿಗೂ ಸಹಜ. ಆದರೆ ಗಾಳಿಯಂತೆ ನೀರು ಅದುಮಿಸಿಕೊಳ್ಳುವ ವಸ್ತುವಲ್ಲ. ಸಿಲಿಂಡರಿನೊಳಗೆ ನೀರಿದ್ದಾಗ ಇಂಜಿನ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುವುದುಂಟು. ಮುಳುಗಿದ ಗಾಡಿಯ ಬ್ಯಾಟರಿ ಸಂಬಂಧ ತಪ್ಪಿಸಿ, ಪ್ಲಗ್ ಬಿಚ್ಚಿ ನೀರನ್ನು ಹೊರಗೆಡವಿ, ಆಯಿಲು ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಪೂರ್ತಿ ಬದಲಾಯಿಸಿ, ಆನಂತರ ಪ್ರಯತ್ನಿಸುವುದೇ ಸರಿಯಾದ ಮಾರ್ಗ. ಒಂದು ದಿನದ ತಾಳ್ಮೆಯಿಲ್ಲದೆ ಇಂಜಿನ್ನನ್ನೇ ಬಿಚ್ಚಿಸುವ ಖರ್ಚನ್ನು ಮೈಮೇಲೆ ಎಳೆದುಕೊಳ್ಳುವುದು ಬಹಳ ಸುಲಭ.

ಎಲ್ಲ ಗೃಹಸ್ಥರೂ ಇದನ್ನೆಲ್ಲ ಸ್ವತಃ ಮಾಡಿಕೊಳ್ಳಬೇಕೆಂದಲ್ಲ. ಅದಕ್ಕೆಂದೇ ದಂಡು ಪ್ರದೇಶದಲ್ಲಿ ಮೆಕ್ಯಾನಿಕರ ದೊಡ್ಡ ಪರಂಪರೆಯಿದೆ. ಶಿವಾಜಿನಗರದ ಗಲ್ಲಿಗಳಲ್ಲಿ ಉರ್ದು, ತಮಿಳು, ಕನ್ನಡಗಳನ್ನು ಒಂದೇ ಉಸಿರಿನಲ್ಲಿ ಆಡುತ್ತ, ಗುಜರಿಯ ರಾಶಿಯಿಂದ ಬೇಕಾದ ಭಾಗವನ್ನು ಆರಿಸಿ ತೆಗೆಯುವ ಕೈಗಳಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆ ತೊಡಗಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇನ್ನೂ ರಸ್ತೆಯ ಮೇಲೆ ಹೊಗೆಯುಗುಳುತ್ತ ಓಡುತ್ತಿದ್ದರೆ ಅದು ಇಂಥ ಕೈಗಳ ಪುಣ್ಯ. ಶರಣರು ಕಾಯಕವಂತನ ಕುಲವನ್ನು ಕೇಳಲಿಲ್ಲ. ಈ ಜನರ ಮುಂದೆಯೂ ಭಕ್ತನು ಕೇಳಬೇಕಾದುದು ಕಾಯಕದ ಶುದ್ಧಿಯನ್ನು ಮಾತ್ರ.

ಈ ಶುದ್ಧಿಯ ಪ್ರಸಂಗ ಬಂದಾಗ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಪತಿಯಾದ ಮಾರಯ್ಯನು ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಆ ತಾಯಿಯು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ನೋಡದೆ, ಊಹೆಯಿಂದ ಕಾಯಿಲನ್ನೂ ಕಾರ್ಬೊರೇಟರನ್ನೂ ಬದಲಾಯಿಸಿ ಬಿಲ್ ಬರೆಯುವವನು ಆ ಹೆಚ್ಚಿನ ಅಕ್ಕಿಯನ್ನು ಮನೆಗೆ ಒಯ್ಯುವವನು. ಇದನ್ನು ಕೇಳಿದ ಗೃಹಸ್ಥರೆಲ್ಲರೂ ತಲೆದೂಗುವರು. ಆದರೆ ಈ ಕಥೆಗೆ ಇನ್ನೊಂದು ಮುಖವಿದೆ, ಅದು ಗಿರಾಕಿಗೆ ಸೇರಿದ್ದು.

ಹಲಸೂರಿನ ಗೃಹಸ್ಥನು ಗಾಡಿಯನ್ನು ತಳ್ಳಿಕೊಂಡು ಮೆಕ್ಯಾನಿಕನ ಬಳಿಗೆ ಬಂದನೆನ್ನೋಣ. ವಯಸ್ಸಾದ ಮೆಕ್ಯಾನಿಕನು ಸ್ಪಾನರ್ ಹಿಡಿಯುವ ಮೊದಲು, “ರಾತ್ರಿ ಮಳೇಲಿ ಎಲ್ಲಿ ನಿಲ್ಸಿದ್ರಿ ಸ್ವಾಮಿ?” ಎಂದು ಕೇಳುತ್ತಾನೆ. ಪ್ಲಗ್ ಬಿಚ್ಚಿ ನೋಡಿ, ಕ್ಯಾಪನ್ನು ಬೆಳಕಿಗೆ ಹಿಡಿದು ಅದರ ಸೀಳನ್ನು ತೋರಿಸಿ, ಹೊಸದನ್ನು ಹಾಕುತ್ತಾನೆ. ಹತ್ತು ನಿಮಿಷದಲ್ಲಿ ಇಂಜಿನ್ ಗುಡುಗುತ್ತದೆ. ಕ್ಯಾಪಿನ ಬೆಲೆಗೆ ತನ್ನ ಕೂಲಿಯನ್ನು ಸೇರಿಸಿ ಹೇಳಿದಾಗ ಗೃಹಸ್ಥನ ಮುಖ ಗಂಟಿಕ್ಕುತ್ತದೆ: “ಹತ್ತು ನಿಮಿಷದ ಕೆಲಸಕ್ಕೆ ಇಷ್ಟೇನಪ್ಪಾ?” ಇದೇ ಗೃಹಸ್ಥನು, ಇಡೀ ದಿನ ಗಾಡಿಯನ್ನು ಬಿಚ್ಚಿ ಹರಡಿ ಮೂರು ಹೊಸ ಭಾಗಗಳನ್ನು ಹಾಕಿದವನಿಗೆ ಮರುಮಾತಿಲ್ಲದೆ ಹತ್ತು ಪಾಲು ಕೊಟ್ಟು ಬರುತ್ತಾನೆ. ಕಣ್ಣಿಗೆ ಕಾಣುವ ವಸ್ತುವಿಗೆ ಬೆಲೆ, ಕಾಣದ ಅರಿವಿಗೆ ಚೌಕಾಸಿ! ಹೀಗೆ ನಡೆದುಕೊಳ್ಳುವ ಗಿರಾಕಿಯೇ ಪ್ರಾಮಾಣಿಕನಾದ ಕೆಲಸಗಾರನಿಗೆ ದಿನದಿನವೂ ಅಪ್ರಾಮಾಣಿಕತೆಯ ಪಾಠವನ್ನು ಹೇಳಿಕೊಡುತ್ತಾನೆ. ಬೇಡದ ಭಾಗವನ್ನು ಹಾಕಿದರೆ ಹೊಟ್ಟೆ ತುಂಬುತ್ತದೆ, ಸರಿಯಾಗಿ ನೋಡಿದರೆ ಅರೆಹೊಟ್ಟೆ ಎಂದಾದಾಗ, ಗ್ಯಾರೇಜಿನಲ್ಲಿ ಚಾಕರಿ ಕಲಿಯುತ್ತಿರುವ ಹುಡುಗನು ಎರಡರಲ್ಲಿ ಯಾವುದನ್ನು ಕಲಿಯುವನು?

ಮೆಕ್ಯಾನಿಕನು ವಾದಿಸುವುದಿಲ್ಲ. ಒಡೆದ ಹಳೆಯ ಕ್ಯಾಪನ್ನು ಬಟ್ಟೆಯಲ್ಲಿ ಒರೆಸಿ ಗೃಹಸ್ಥನ ಅಂಗೈಯಲ್ಲಿಡುತ್ತಾನೆ. ಗೃಹಸ್ಥನು ಅದನ್ನು ತಿರುಗಿಸಿ ನೋಡುತ್ತಾನೆ. ಕೂದಲೆಳೆಯಷ್ಟು ಸೀಳು, ಬೆಳಗ್ಗೆ ಇಪ್ಪತ್ತು ಸಲ ಒದ್ದಾಗಲೂ ಕಣ್ಣಿಗೆ ಬೀಳದೆ ಇದ್ದುದು. ಹೇಳಿದಷ್ಟನ್ನೂ ಎಣಿಸಿ ಕೊಟ್ಟು, ಪೊಟ್ಟಣಗಳ ಚೀಲವನ್ನು ಏರಿಸಿಕೊಂಡು, ಕೃಷ್ಣರಾಜಪುರದ ದಾರಿ ಹಿಡಿಯುತ್ತಾನೆ.