ಒಂದು ಹಾಳೆಗೆ ಬೀಳುವ ಖರ್ಚು

ಹೈದರಾಬಾದಿನ ಬಾಲಾನಗರದಲ್ಲಿ ಒಂದು ಶೆಡ್‌ನಿಂದ ಎರಡು ಗಲ್ಲಿ ಆಚೆಯ ಶೆಡ್‌ಗೆ ಡೈ ಬ್ಲಾಕೊಂದನ್ನು ಗ್ರೈಂಡಿಂಗ್‌ಗೆ ಕಳಿಸಬೇಕೆಂದರೂ ಅದರ ಜೊತೆ ಡೆಲಿವರಿ ಚಲನ್ ಹೋಗಬೇಕು. ಜಿಎಸ್‌ಟಿ ನಿಯಮ ಮೂರು ಪ್ರತಿ ಕೇಳುತ್ತದೆ: ಒಂದು ಮಾಲು ಪಡೆಯುವವರಿಗೆ, ಒಂದು ಸಾಗಿಸುವವರಿಗೆ, ಒಂದು ಕಳಿಸಿದವರ ಫೈಲಿಗೆ. ಗ್ರೈಂಡಿಂಗ್ ಮುಗಿದು ಹೀಟ್ ಟ್ರೀಟ್‌ಮೆಂಟ್‌ಗೆ ಹೋದರೆ ಮತ್ತೆ ಮೂರು, ಅಲ್ಲಿಂದ ವೈರ್‌ಕಟ್‌ಗೆ ಹೋದರೆ ಮತ್ತೆ ಮೂರು. ಇದರ ಮೇಲೆ ಬಿಲ್ಲು, ಇನ್‌ಸ್ಪೆಕ್ಷನ್ ರಿಪೋರ್ಟು, ಟೆಸ್ಟ್ ಸರ್ಟಿಫಿಕೇಟು, ಮೆಷಿನ್ ಪಕ್ಕ ನೇತುಹಾಕುವ ಡ್ರಾಯಿಂಗು. ಹೀಗಾಗಿ ಲೇತು, ಮಿಲ್ಲಿಂಗ್ ಮೆಷಿನ್‌ಗಳ ಸದ್ದಿನ ನಡುವೆ ಗಾಜಿನ ಪುಟ್ಟ ಕ್ಯಾಬಿನ್ನಿನೊಳಗೆ ಒಂದು ಲೇಸರ್ ಪ್ರಿಂಟರ್ ದಿನವಿಡೀ ದುಡಿಯುತ್ತಿರುತ್ತದೆ.

ಬಾಲಾನಗರ ಲೆಕ್ಕ ಬಲ್ಲ ಊರು. ವಿಶ್ವಸಂಸ್ಥೆಯ ನೆರವಿನಿಂದ 1968ರಲ್ಲಿ ಆರಂಭವಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಇಲ್ಲಿದೆ. ಎಚ್‌ಎಎಲ್‌ನ ಏವಿಯಾನಿಕ್ಸ್ ವಿಭಾಗ ಇಲ್ಲಿದೆ. ಒಂದು ಕಾಲಕ್ಕೆ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಐಡಿಪಿಎಲ್ ಔಷಧ ಕಾರ್ಖಾನೆಯೂ ಇದೇ ಸೀಮೆಯದು. ದೊಡ್ಡ ಕಾರ್ಖಾನೆಗಳ ಸುತ್ತ ಬೆಳೆದ ಸಣ್ಣ ಶೆಡ್‌ಗಳ ಮಾಲೀಕರಿಗೆ ಕಾರ್ಬೈಡ್ ಇನ್ಸರ್ಟಿನ ಒಂದೊಂದು ಮೂಲೆ ಎಷ್ಟು ಪೀಸು ಕೊಡುತ್ತದೆ, ಪೀಸಿಗೆ ಟೂಲಿನ ಖರ್ಚು ಎಷ್ಟು ಪೈಸೆ ಬೀಳುತ್ತದೆ ಎಂಬುದು ಬಾಯಿಪಾಠ. ನಾಲ್ಕು ಮೂಲೆಯ ಇನ್ಸರ್ಟನ್ನು ಮೂರಕ್ಕೇ ಎಸೆದರೆ ಆಪರೇಟರನಿಗೆ ಬೈಗುಳ ತಪ್ಪಿದ್ದಲ್ಲ. ಅದೇ ಶೆಡ್ಡಿನ ಕ್ಯಾಬಿನ್ನಿನಲ್ಲಿ ಒಂದು ಹಾಳೆ ಹೊರಬಂದರೆ ಎಷ್ಟು ಖರ್ಚಾಯಿತು ಎಂದು ಕೇಳಿ ನೋಡಿ, ಬಹುಪಾಲು ಕಡೆ ಉತ್ತರ ಸಿಗುವುದಿಲ್ಲ. ಪ್ರಿಂಟರ್ ಕೊಂಡದ್ದು ಮಾಲೀಕರು, ಕಾರ್ಟ್ರಿಜ್ ತರಿಸುವುದು ಅಕೌಂಟ್ಸ್ ನೋಡುವವರು, ಕಾಗದ ತರುವುದು ಆಫೀಸ್ ಹುಡುಗ. ಮೂರು ಕೈಯಲ್ಲಿ ಹಂಚಿಹೋದ ಖರ್ಚು ಯಾರ ಕಣ್ಣಿಗೂ ಇಡಿಯಾಗಿ ಬೀಳುವುದಿಲ್ಲ.

ಒಮ್ಮೆ ಕೂಡಿಸಿ ನೋಡೋಣ. ದಿನಕ್ಕೆ ಚಲನ್ನು, ಬಿಲ್ಲು ಸೇರಿ 20 ಎಂದು ಹಿಡಿಯಿರಿ. ತಲಾ ಮೂರು ಪ್ರತಿಯಂತೆ 60 ಹಾಳೆ. ತಿಂಗಳಿಗೆ 25 ಕೆಲಸದ ದಿನ ಎಂದರೆ 1,500 ಹಾಳೆ, ಮೂರು ವರ್ಷಕ್ಕೆ 54,000. ನಮ್ಮ ಕಡೆ ಮನೆಮಾತಾಗಿರುವ ಎಚ್‌ಪಿ 12ಎ ಕಾರ್ಟ್ರಿಜ್ ಕೊಡುವುದು 2,000 ಹಾಳೆ. ಅಂದರೆ 27 ಕಾರ್ಟ್ರಿಜ್ ಬೇಕು. ಕಂಪನಿಯದ್ದೇ ಬೇಕೆಂದು ಹೋದರೆ, ಒಂದಕ್ಕೆ 5,000 ರೂಪಾಯಿ ಎಂದಿಟ್ಟುಕೊಂಡರೂ 1,35,000 ರೂಪಾಯಿ. ಕಾಗದ 108 ರೀಮು, ರೀಮಿಗೆ 280ರಂತೆ ಸುಮಾರು 30,000. ಪ್ರಿಂಟರಿನ ಬೆಲೆ 15,000 ಎಂದರೆ, ಆ ಮೂರು ವರ್ಷದಲ್ಲಿ ಟೋನರ್ ಪುಡಿಗೆ ಕೊಟ್ಟ ಹಣದಲ್ಲಿ ಅಂಥ ಒಂಬತ್ತು ಪ್ರಿಂಟರ್ ಬರುತ್ತಿದ್ದವು. ಕೊಳ್ಳುವಾಗ ಒಂದೆರಡು ಸಾವಿರಕ್ಕೆ ನಾಲ್ಕು ಅಂಗಡಿ ಸುತ್ತಿ ಚೌಕಾಸಿ ಮಾಡಿದ್ದೆವಲ್ಲ, ಆ ಉಳಿತಾಯ ಮೊದಲ ಕಾರ್ಟ್ರಿಜ್ ಬದಲಿಸುವ ದಿನವೇ ಕರಗಿಹೋಗಿರುತ್ತದೆ.

2,000 ಹಾಳೆ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಹಾಳೆಯ ನೂರು ಪಾಲಿನಲ್ಲಿ ಸುಮಾರು ಐದು ಪಾಲು ಮಾತ್ರ ಕಪ್ಪಾಗುತ್ತದೆ ಎಂಬ ಅಂದಾಜಿನ ಮೇಲೆ ಆ ಲೆಕ್ಕ ನಿಂತಿದೆ. ಚಲನ್ನಿನ ತಲೆಯ ಮೇಲೆ ಅಗಲವಾದ ಕಪ್ಪು ಪಟ್ಟಿ, ಅದರೊಳಗೆ ಬಿಳಿ ಅಕ್ಷರದಲ್ಲಿ ಕಂಪನಿ ಹೆಸರು, ಪಕ್ಕಕ್ಕೆ ತುಂಬುಕಪ್ಪಿನ ಲೋಗೋ ಇಟ್ಟುಕೊಂಡವರಿಗೆ 2,000 ಹಾಳೆ ಎಂದೂ ಸಿಗುವುದಿಲ್ಲ. ಆ ಪಟ್ಟಿಯನ್ನು ತೆಗೆದು ಬರೀ ಗೆರೆ ಹಾಕಿದರೆ ಕಾಸು ಖರ್ಚಿಲ್ಲದೆ ಪುಡಿ ಉಳಿಯುತ್ತದೆ. ಇನ್ನು ಹೊಸ ಪ್ರಿಂಟರಿನ ಡಬ್ಬಿಯೊಳಗೆ ಬರುವ ಕಾರ್ಟ್ರಿಜ್ ಎಷ್ಟೋ ಮಾದರಿಗಳಲ್ಲಿ ಪೂರ್ತಿ ತುಂಬಿದ್ದಾಗಿರುವುದಿಲ್ಲ. ಕೊಳ್ಳುವ ಮೊದಲೇ ಇದನ್ನು ಕೇಳಿಕೊಳ್ಳಬೇಕು.

ಇಷ್ಟು ದುಬಾರಿಯಾದರೆ ಲೇಸರ್ ಏಕೆ ಎಂದರೆ ಅದಕ್ಕೆ ಗಟ್ಟಿ ಕಾರಣವಿದೆ. ಟೋನರ್ ಶಾಯಿಯಲ್ಲ, ಕಪ್ಪು ಬಣ್ಣ ಬೆರೆತ ಪ್ಲಾಸ್ಟಿಕ್ಕಿನ ನುಣ್ಣನೆ ಪುಡಿ. ಡ್ರಮ್ಮಿನ ಮೇಲೆ ಬೆಳಕು ಬರೆದ ಕಡೆ ಅದು ಅಂಟಿ, ಕಾಗದಕ್ಕೆ ಇಳಿದು, ಬಿಸಿ ರೋಲರಿನಡಿ ಕರಗಿ ನಾರಿನೊಳಗೆ ಕೂತುಬಿಡುತ್ತದೆ. ಕೂಲಂಟ್ ಸಿಡಿದರೂ, ಎಣ್ಣೆಗೈ ತಾಗಿದರೂ ಡ್ರಾಯಿಂಗಿನ ಅಂಕಿ ಹರಡುವುದಿಲ್ಲ. ಎಷ್ಟೋ ಇಂಕ್‌ಜೆಟ್ ಹಾಳೆಗಳು ಲೇತಿನ ಪಕ್ಕ ಮಧ್ಯಾಹ್ನದವರೆಗೂ ಬಾಳುವುದಿಲ್ಲ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಫೈಲಿನಲ್ಲಿರುವ ಲೇಸರ್ ಅಚ್ಚು ಅಷ್ಟು ಕಾಲ ನಿಲ್ಲುತ್ತದೆ.

ಪುಡಿ, ಡ್ರಮ್ಮು ಎರಡನ್ನೂ ಒಂದೇ ಡಬ್ಬಿಯಲ್ಲಿ ಕೂರಿಸಿ, ಮೆಕ್ಯಾನಿಕ್ ಇಲ್ಲದೆ ಯಾರು ಬೇಕಾದರೂ ಬದಲಿಸಬಹುದು ಎಂದು ತೋರಿಸಿದ್ದು ಕ್ಯಾನನ್. 1982ರ ಪುಟ್ಟ ಕಾಪಿಯರ್‌ನಲ್ಲಿ ಅದು ಬಂತು. 1984ರಲ್ಲಿ ಎಚ್‌ಪಿ ಲೇಸರ್‌ಜೆಟ್ ಬಂದದ್ದೂ ಕ್ಯಾನನ್ ಎಂಜಿನ್ನಿನ ಮೇಲೆಯೇ. ಮೆಕ್ಯಾನಿಕ್ಕಿಗೆ ಕಾಯುವ ಕಷ್ಟ ತಪ್ಪಿತು. ಆದರೆ ಪುಡಿ ಮುಗಿದಾಗಲೆಲ್ಲ ಇನ್ನೂ ಕೆಲಸಕ್ಕೆ ಬರುವ ಡ್ರಮ್ಮನ್ನೂ ಎಸೆದು ಹೊಸದಕ್ಕೆ ದುಡ್ಡು ತೆರುವುದು ಅಲ್ಲಿಂದ ಶುರುವಾಯಿತು. ಡ್ರಮ್ ಬೇರೆ, ಟೋನರ್ ಬೇರೆ ಇರುವ ಪ್ರಿಂಟರುಗಳೂ ಪೇಟೆಯಲ್ಲಿವೆ. ಬ್ರದರ್‌ನ ಸಾಮಾನ್ಯ ಮಾದರಿಗಳಲ್ಲಿ ಡ್ರಮ್ 12,000 ಹಾಳೆ ಬರುತ್ತದೆ, ಟೋನರ್ ಮಾತ್ರ ಆಗಾಗ ಬದಲಿಸಿದರಾಯಿತು. ಹೆಚ್ಚು ಅಚ್ಚು ಹಾಕುವವರು ಅಂಗಡಿಯಲ್ಲಿ ಪ್ರಿಂಟರಿನ ಬೆಲೆಗಿಂತ ಮೊದಲು ಇದನ್ನು ವಿಚಾರಿಸುವುದು ಒಳ್ಳೆಯದು.

ಒಳ್ಳೆಯ ಡ್ರಮ್ಮನ್ನು ಎಸೆಯಲು ಮನಸ್ಸಾಗದ ನಮ್ಮ ದೇಶದ ಸಣ್ಣ ಮೆಕ್ಯಾನಿಕ್‌ಗಳು ರೀಫಿಲ್ ಎಂಬ ಕಸುಬನ್ನೇ ಕಟ್ಟಿಕೊಂಡಿದ್ದಾರೆ. ಸಿಕಂದರಾಬಾದಿನ ಕಂಪ್ಯೂಟರ್ ಪೇಟೆಯಾದ ಸಿಟಿಸಿಯಲ್ಲಿ ಸಾಮಾನು ಕೊಂಡು, ಬೈಕಿನಲ್ಲಿ ಚೀಲ ನೇತುಹಾಕಿಕೊಂಡು ಬಾಲಾನಗರದ ಗಲ್ಲಿಗಳಿಗೆ ಬರುತ್ತಾರೆ. ಪಿನ್ನು ತಳ್ಳಿ ಕಾರ್ಟ್ರಿಜ್ ಬಿಚ್ಚಿ, ವೇಸ್ಟ್ ಪುಡಿ ತುಂಬಿದ ಗೂಡನ್ನು ಖಾಲಿ ಮಾಡಿ, ವೈಪರ್ ಬ್ಲೇಡ್ ಒರೆಸಿ, ಮ್ಯಾಗ್ನೆಟಿಕ್ ರೋಲರ್ ತಿರುಗಿಸಿ ನೋಡಿ, ಹೊಸ ಪುಡಿ ಸುರಿದು ಮುಚ್ಚುವಷ್ಟರಲ್ಲಿ ಚಹಾ ಬಂದಿರುತ್ತದೆ. ಒಂದು ಸಲಕ್ಕೆ 300 ರೂಪಾಯಿ ಎಂದರೆ 27 ಸಲಕ್ಕೆ 8,100. ನಡುನಡುವೆ ಡ್ರಮ್ಮು, ಬ್ಲೇಡು ಬದಲಿಸಿದ್ದನ್ನು ಸೇರಿಸಿದರೂ 15,000 ದಾಟಲಿಕ್ಕಿಲ್ಲ. ಎಲ್ಲಿಯ 1,35,000, ಎಲ್ಲಿಯ 15,000! ಈ ಕಸುಬಿನವರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಅವರಲ್ಲಿ ಬೀದರ್ ಕಡೆಯ ಒಬ್ಬ ಹುಡುಗ ಮಾಲೀಕರೊಬ್ಬರಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು. ಹಾಳೆಯ ಮೇಲೆ ಕಪ್ಪು ಚುಕ್ಕೆ ಬೀಳುತ್ತಿತ್ತು. ಮಾಲೀಕರು ಪುಡಿ ಹಾಕಿಸಲು ಕರೆಸಿದ್ದರು. "ಪೌಡರ್ ಹಾಕಿದ್ರ ಏನೂ ಉಪಯೋಗ ಇಲ್ಲರಿ ಸಾವಕಾರ್ರ, ಡ್ರಮ್ ಹೋಗ್ಯಾದ," ಎಂದು ಹುಡುಗ ಸ್ಟೀಲ್ ಸ್ಕೇಲ್ ಹಿಡಿದು ಚುಕ್ಕೆಯಿಂದ ಚುಕ್ಕೆಗೆ ಅಳೆದು ತೋರಿಸಿದ. ಎಲ್ಲ ಕಡೆ 75 ಮಿಲಿಮೀಟರ್. ಆ ಕಾರ್ಟ್ರಿಜ್‌ನ ಡ್ರಮ್ಮಿನ ವ್ಯಾಸ 24 ಮಿಲಿಮೀಟರ್, 3.14ರಿಂದ ಗುಣಿಸಿದರೆ 75. ಡ್ರಮ್ ಒಂದು ಸುತ್ತು ಹೊರಳಿದಾಗಲೆಲ್ಲ ಅದರ ಮೈಮೇಲಿನ ಗಾಯ ಹಾಳೆಗೆ ಇಳಿಯುತ್ತದೆ. ದಿನವಿಡೀ ಮೈಕ್ರೋಮೀಟರ್ ಹಿಡಿಯುವ ಜನಕ್ಕೆ ಇದನ್ನು ಎರಡನೇ ಸಲ ವಿವರಿಸಬೇಕಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಡ್ರಮ್ ಸವೆದಾಗ ಪುಡಿ ಹಾಕಿಸುತ್ತ ಹೋದ ಶೆಡ್ಡುಗಳು ಎಷ್ಟೋ ಇರಬೇಕು.

ಚಲನ್ನಿನ ವಿಷಯದಲ್ಲಿ ಇನ್ನೊಂದು ದಾರಿಯಿದೆ, ಹಳೆಯದು. ಲೇಸರ್ ಕಾಗದವನ್ನು ಒತ್ತುವುದಿಲ್ಲ, ಆದ್ದರಿಂದ ಕಾರ್ಬನ್ ಪ್ರತಿ ಬರುವುದಿಲ್ಲ. ಮೂರು ಪ್ರತಿ ಎಂದರೆ ಮೂರು ಸಲ ಪುಡಿ, ಮೂರು ಸಲ ಡ್ರಮ್ಮಿನ ಸವೆತ. ಡಾಟ್ ಮ್ಯಾಟ್ರಿಕ್ಸ್ ಸೂಜಿಯಿಂದ ಕುಟ್ಟುತ್ತದೆ, ಒಂದೇ ಓಟಕ್ಕೆ ಮೂರೂ ಪ್ರತಿ ಬೀಳುತ್ತವೆ, ಖರ್ಚು ಒಂದು ರಿಬ್ಬನ್ನಿನದು. ತುಮಕೂರಿನಲ್ಲಿ ಟಿವಿಎಸ್, ಮೈಸೂರಿನಲ್ಲಿ ವಿಪ್ರೋ ತಯಾರಿಸಿದ ಆ ಪ್ರಿಂಟರುಗಳು ದೇಶದ ಎಷ್ಟೋ ಗೋದಾಮು, ಲಾರಿ ಆಫೀಸುಗಳಲ್ಲಿ ಇಂದಿಗೂ ಕಿರ್ರೆನ್ನುತ್ತಿವೆ. ಸದ್ದು ಜಾಸ್ತಿ ಎಂಬ ದೂರು ಬಾಲಾನಗರಕ್ಕೆ ಹೊಂದುವುದಿಲ್ಲ. ದಿನಕ್ಕೆ ಹತ್ತಿಪ್ಪತ್ತು ಚಲನ್ ಹೊರಡುವಲ್ಲಿ ಇದನ್ನು ಹಳೇ ಕಾಲದ್ದೆಂದು ಮೂಲೆಗೆ ತಳ್ಳಿದ್ದು ಸರಿಯಲ್ಲ ಎಂದೇ ನನಗನ್ನಿಸುತ್ತದೆ.

ಕರೆಂಟಿನ ಖರ್ಚು ದೊಡ್ಡದಲ್ಲ. ದಿನಕ್ಕೆ 60 ಹಾಳೆ ಐದೇ ನಿಮಿಷದ ಕೆಲಸ. ಆದರೆ ಬಿಸಿ ರೋಲರ್ ಕಾಯುವ ಕ್ಷಣಕ್ಕೆ ವಿದ್ಯುತ್ತನ್ನು ಗಬಕ್ಕನೆ ಎಳೆಯುತ್ತದೆ. ಕಂಪ್ಯೂಟರಿನ ಪುಟ್ಟ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಸಿಕ್ಕಿಸಿದರೆ ಯುಪಿಎಸ್ ಕೈಕೊಡಬಹುದು. ಖಾಲಿ ಕಾರ್ಟ್ರಿಜ್ಜನ್ನು ಗುಜರಿಗೆ ಹಾಕುವುದೂ ತಪ್ಪು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ಪ್ರಿಂಟರಿನ ಜೊತೆ ಕಾರ್ಟ್ರಿಜ್ಜೂ ಇದೆ, ಅದು ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ಒಡೆದ ಕಾರ್ಟ್ರಿಜ್‌ನ ಪುಡಿ ಗಾಳಿಗೆ ಎದ್ದರೆ ಅದು ಇಳಿಯುವುದು ಗುಜರಿ ಆರಿಸುವವರ ಎದೆಗೆ.

ಇಷ್ಟು ಹೇಳಿದ ಮೇಲೆ ರೀಫಿಲ್ ಎಲ್ಲದಕ್ಕೂ ಸರಿ ಎಂದು ನಾನು ಹೇಳಲಾರೆ. ಪ್ರಿಂಟರಿಗೆ ಹೊಂದದ ಅಗ್ಗದ ಪುಡಿ ಪೂರ್ತಿ ಕರಗದೆ ಹೆಬ್ಬೆರಳಿಗೆ ಒರೆಸಿಕೊಂಡು ಬರುತ್ತದೆ. ಚಲನ್ನಿನಲ್ಲಿ ಅಕ್ಷರ ಮಸುಕಾದರೆ ಫೋನ್ ಮಾಡಿ ಕೇಳಬಹುದು. ಡ್ರಾಯಿಂಗಿನಲ್ಲಿ 0.03 ಎಂಬ ಟಾಲರೆನ್ಸು 0.08 ಆಗಿ ಕಂಡರೆ? ಸವೆದ ಬ್ಲೇಡಿನಿಂದ ಇಳಿದ ಸಣ್ಣ ಕಪ್ಪು ಗೆರೆ 2ರ ಪಕ್ಕ ನಿಂತು 12 ಆದರೆ? ರಾತ್ರಿ ಪಾಳಿಯಲ್ಲಿ ಕೇಳಲು ಇಂಜಿನಿಯರ್ ಇರುವುದಿಲ್ಲ, ಆಪರೇಟರ್ ಕಂಡದ್ದನ್ನು ನಂಬಿ ಮೆಷಿನ್ ಓಡಿಸುತ್ತಾನೆ. ಬೆಳಿಗ್ಗೆ ರಿಜೆಕ್ಟ್ ಆದ ಪೀಸಿಗೆ ಮಾತು ಕೇಳುವವನೂ ಅವನೇ. ಅದು ಅವನಿಗೆ ಮಾಡುವ ಅನ್ಯಾಯ.

ಆದ್ದರಿಂದ ಚಲನ್ನು ಬಿಲ್ಲುಗಳಿಗೆ ರೀಫಿಲ್ಲೋ ಡಾಟ್ ಮ್ಯಾಟ್ರಿಕ್ಸೋ ಇರಲಿ. ಡ್ರಾಯಿಂಗಿಗೆ ಮಾತ್ರ ಒಂದು ಪ್ರಿಂಟರನ್ನು ಬೇರೆಯೇ ಇಟ್ಟು ಅದಕ್ಕೆ ಕಂಪನಿಯ ಕಾರ್ಟ್ರಿಜ್ಜನ್ನೇ ಹಾಕಬೇಕು. ತಿಂಗಳಿಗೆ 100 ಡ್ರಾಯಿಂಗ್ ಎಂದರೂ ಮೂರು ವರ್ಷಕ್ಕೆ 3,600 ಹಾಳೆ. ಎರಡು ಕಾರ್ಟ್ರಿಜ್ ಸಾಕು, 10,000 ರೂಪಾಯಿ. ಕೆಟ್ಟುಹೋದ ಒಂದು ಡೈ ಬ್ಲಾಕಿನ ಉಕ್ಕು, ಹೀಟ್ ಟ್ರೀಟ್‌ಮೆಂಟು, ವೈರ್‌ಕಟ್ಟಿನ ಗಂಟೆಗಳ ಪಕ್ಕ ಈ ಮೊತ್ತವನ್ನು ಇಟ್ಟು ನೋಡುವ ಕೆಲಸ ಬಾಲಾನಗರದ ಮಾಲೀಕರಿಗೆ ಯಾರೂ ಕಲಿಸಬೇಕಾಗಿಲ್ಲ.