ಗುಂಡಿನ ಆಯ್ಕೆ ಮತ್ತು ಶ್ರಾವಕನ ವಿವೇಕ

ಬೇಟೆಯು ಸಪ್ತವ್ಯಸನಗಳಲ್ಲೊಂದು. ಜೂಜು, ಮಾಂಸ, ಮದ್ಯಗಳ ಸಾಲಿನಲ್ಲಿಯೇ ನಮ್ಮ ಆಚಾರ್ಯರು ಅದನ್ನೂ ಎಣಿಸಿರುವರು. ನಮ್ಮ ದೇಶದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೂ ಅದರ 1991ರ ತಿದ್ದುಪಡಿಯಿಂದಾಗಿ ವಿನೋದಕ್ಕಾಗಿ ಬೇಟೆಯಾಡುವುದು ಕಾನೂನಿನಲ್ಲಿಯೂ ಅಪರಾಧವಾಗಿದೆ. ಆದ್ದರಿಂದ ಈ ವಿಷಯದಲ್ಲಿ ನಾವು ಚಿಂತಿಸತಕ್ಕದ್ದು ಏನೂ ಉಳಿದಿಲ್ಲವೆಂದೇ ನಾನು ಇಷ್ಟು ವರ್ಷ ಭಾವಿಸಿದ್ದೆನು. ಕಳೆದ ದೀಪಾವಳಿಯಂದು, ಭಗವಾನ್ ಮಹಾವೀರರ ನಿರ್ವಾಣ ಪೂಜೆ ಮುಗಿಸಿ ಬಸದಿಯಿಂದ ಮನೆಗೆ ಬಂದಾಗ, ಅಮೆರಿಕದಿಂದ ಬಂದ ಒಂದು ದೂರವಾಣಿ ಕರೆಯು ಆ ನಿಶ್ಚಿಂತೆಯನ್ನು ಕದಡಿತು.

ನನ್ನ ತಂಗಿಯ ಮಗನು ಕೊಲರಾಡೊ ರಾಜ್ಯದ ಬೆಟ್ಟದ ಊರೊಂದರಲ್ಲಿ ಪೆಟ್ರೋಲ್ ಬಂಕನ್ನೂ ಅದಕ್ಕೆ ಸೇರಿದ ಅಂಗಡಿಯನ್ನೂ ಕೊಂಡಿರುವನು. ಹಾಲು, ಬ್ರೆಡ್ಡು, ಕಾಫಿಗಳ ಜೊತೆಗೆ ಹಿಂದಿನ ಮಾಲೀಕನ ಕಾಲದ ಬೇಟೆಯ ಕಾಡತೂಸುಗಳೂ ಆ ಅಂಗಡಿಯ ಕಪಾಟಿನಲ್ಲಿದ್ದವು. ಎಲ್ಕ್ ಎಂದರೆ ನಮ್ಮ ಕಡವೆಗಿಂತಲೂ ದೊಡ್ಡದಾದ ಜಿಂಕೆಯ ಜಾತಿ. ಅದರ ಬೇಟೆಗೆ ಅಲ್ಲಿ ಸರಕಾರವೇ ಪರವಾನಗಿ ಕೊಡುತ್ತದೆ. “ಮಾವ, ಇದನ್ನು ಮಾರುವುದು ತಪ್ಪೆಂದು ನನಗೆ ಗೊತ್ತು. ನನ್ನ ಪ್ರಶ್ನೆ ಬೇರೆ. ಯಾವ ಗುಂಡು ಒಳ್ಳೆಯದೆಂದು ಗಿರಾಕಿಗಳು ಕೇಳುತ್ತಾರೆ. ನಾನು ಓದಿ ತಿಳಿದುಕೊಂಡಿದ್ದೇನೆ. ಸರಿಯಾದುದನ್ನು ಹೇಳಿದರೆ ಪ್ರಾಣಿ ಕ್ಷಣದಲ್ಲಿ ಸಾಯುತ್ತದೆ, ಸುಮ್ಮನಿದ್ದರೆ ದಿನವೆಲ್ಲ ನರಳಬಹುದು. ಹೇಳಬೇಕೋ ಬೇಡವೋ?” ಎಂದು ಅವನು ಕೇಳಿದನು.

ನಾನು ಆ ದಿನ ಉತ್ತರ ಕೊಡಲಿಲ್ಲ. ಮೊದಲು ಅವನು ಓದಿದುದೇನೆಂಬುದನ್ನು ಕೇಳಿ ತಿಳಿದೆನು. ವಾಚಕರು ಇದನ್ನು ಜಿಗುಪ್ಸೆಯಿಂದ ದಾಟಿಹೋಗಬಾರದೆಂದು ವಿನಂತಿ.

ಅಲ್ಲಿನ ವಿವೇಕಿಗಳಾದ ಬೇಟೆಗಾರರು ತಲೆಗೆ ಗುರಿಯಿಡುವುದಿಲ್ಲವಂತೆ. ಮೆದುಳು ಚಿಕ್ಕದು, ಗುರಿ ನಾಲ್ಕು ಅಂಗುಲ ತಪ್ಪಿದರೆ ದವಡೆ ಮುರಿದ ಪ್ರಾಣಿಯು ಓಡಿಹೋಗಿ ಹಸಿವಿನಿಂದ ಸಾಯುತ್ತದೆ. ಹೊಟ್ಟೆಗೆ ತಗುಲಿದರೆ ಗಂಟೆಗಟ್ಟಲೆ ಯಾತನೆ. ಆದಕಾರಣ ಪ್ರಾಣಿಯು ಪಕ್ಕ ತೋರಿಸಿ ನಿಂತಾಗ ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶಗಳಿರುವೆಡೆಗೆ ಮಾತ್ರ ಹೊಡೆಯಬೇಕೆಂಬುದು ಅವರ ನಿಯಮ. ಓಡುವ ಪ್ರಾಣಿಗೆ, ಮಂಕುಬೆಳಕಿನಲ್ಲಿ, ತನ್ನ ಅಭ್ಯಾಸ ಮೀರಿದ ದೂರಕ್ಕೆ ಹೊಡೆಯಕೂಡದು. ಪೂರ್ತಿ ಲೋಹದ ಕವಚವಿರುವ ಗುಂಡು ಸಣ್ಣ ರಂಧ್ರ ಕೊರೆದು ಆಚೆಗೆ ಹೋಗುವುದರಿಂದ ಸಾವು ತಡವಾಗುತ್ತದೆ. ಕೊಲರಾಡೊದ ಕಾನೂನು ಬಡಿದಾಗ ಹಿಗ್ಗುವ ಗುಂಡನ್ನೇ ಬಳಸಬೇಕೆನ್ನುತ್ತದೆ. ಅದು ದೇಹದೊಳಗೆ ಅರಳುತ್ತದೆ. ಆದರೆ ತೀರ ಹಗುರವಾದರೆ ಹೆಗಲ ಮೂಳೆಗೆ ಬಡಿದು ಚೂರಾಗಿ ಶ್ವಾಸಕೋಶವನ್ನು ಮುಟ್ಟುವುದೇ ಇಲ್ಲ. ಇನ್ನು ನಾರ್ವೆಯಲ್ಲಿ ದೊಡ್ಡ ಪ್ರಾಣಿಗಳ ಬೇಟೆಗಾರನು ಪ್ರತಿವರ್ಷವೂ ಗುರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಸೀಸದ ಗುಂಡಿನ ವಿಚಾರ ಇನ್ನೂ ಗಹನವಾದುದು. ಅದರ ಕಣಗಳು ಮಾಂಸದಲ್ಲಿಯೂ ಕಾಡಿನಲ್ಲಿ ಬಿಟ್ಟುಬಂದ ಕರುಳಿನಲ್ಲಿಯೂ ಚದುರಿ, ಅದನ್ನು ತಿಂದ ಹದ್ದುಗಳಿಗೆ ವಿಷವಾಗುತ್ತವೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಮಹಾಪಕ್ಷಿಗಳು 1982ರಲ್ಲಿ ಕೇವಲ 22 ಉಳಿದಿದ್ದವು. ಅವುಗಳ ಸಾವಿಗೆ ಸೀಸವು ಒಂದು ಮುಖ್ಯ ಕಾರಣ. 2019ರ ಜುಲೈ 1ರಿಂದ ಆ ರಾಜ್ಯವು ಎಲ್ಲ ಬೇಟೆಗಳಲ್ಲಿಯೂ ಸೀಸದ ಗುಂಡನ್ನು ನಿಷೇಧಿಸಿತು. ಅಲ್ಲೀಗ ತಾಮ್ರದ ಗುಂಡುಗಳು ಬಳಕೆಯಲ್ಲಿವೆ.

ಇದನ್ನೆಲ್ಲ ಕೇಳಿ ನನಗೆ ನಾಚಿಕೆಯಾಯಿತೆಂದರೆ ಆಶ್ಚರ್ಯಪಡಬಾರದು. ನಮ್ಮ ಕಿರಾಣಿ ಅಂಗಡಿಯಲ್ಲಿ ತಂದೆಯವರ ಕಾಲದಿಂದಲೂ ಇಲಿ ಪಾಷಾಣದ ಪೊಟ್ಟಣ ಮಾರಾಟವಾಗುತ್ತಿತ್ತು. ಅದನ್ನು ತಿಂದ ಇಲಿ ಎಷ್ಟು ಹೊತ್ತು ನರಳುತ್ತದೆಂದು ನಾನು ಒಂದು ದಿನವೂ ವಿಚಾರಿಸಲಿಲ್ಲ. ಖಾತೆಯಲ್ಲಿ ಅದು “ಇತರೆ ಸಾಮಾನು” ಆಗಿತ್ತು. ಕೊಲ್ಲುವ ಆ ಪರದೇಶಿ ಯೋಚಿಸಿದಷ್ಟನ್ನು ಕೊಲ್ಲದ ನಾನು ಯೋಚಿಸಿರಲಿಲ್ಲ.

ಹಾಗಾದರೆ ಆ ಎಚ್ಚರವು ಅಹಿಂಸೆಯ ಒಂದು ಅಂಶವೇ? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ತಾರತಮ್ಯವು ಭಾವದ ತೀವ್ರತೆ, ಮಂದತೆ, ಅರಿವು, ಅರಿಯದಿರುವಿಕೆ ಮುಂತಾದವುಗಳಿಂದ ಆಗುವುದೆಂದು ನಿರೂಪಿತವಾಗಿದೆ. ಪ್ರಾಣಿಯ ನೋವಿಗೆ ಮರುಗುವವನ ಕಷಾಯವು ನೋವನ್ನು ಕಂಡು ನಗುವವನ ಕಷಾಯಕ್ಕಿಂತ ಮಂದವೆಂದು ಒಪ್ಪಲೇಬೇಕು. ಆದರೆ ಅಲ್ಲಿಯೇ ಮುಂದೆ ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಮೆಟ್ಟಿಲುಗಳಿವೆ. ಕೊಲ್ಲುವೆನೆಂಬ ಸಂಕಲ್ಪ ಸಂರಂಭ, ಸಾಧನವನ್ನು ಹೊಂದಿಸಿಕೊಳ್ಳುವುದು ಸಮಾರಂಭ, ತೊಡಗುವುದು ಆರಂಭ. ಇವನ್ನು ಮೂರು ಯೋಗಗಳಿಂದ, ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಿಂದ, ನಾಲ್ಕು ಕಷಾಯಗಳಿಂದ ಗುಣಿಸಿದರೆ 108 ಆಗುತ್ತದೆ. ನಾವು ಜಪಮಣಿಯಲ್ಲಿ ಎಣಿಸುವ ಸಂಖ್ಯೆಯೇ ಇದು. ಗುಂಡನ್ನು ಆರಿಸುವವನು ಎರಡನೆಯ ಮೆಟ್ಟಿಲಿನಲ್ಲಿ ನಿಂತಿರುವನು. ಮೊದಲನೆಯದನ್ನು ಆಗಲೇ ಹತ್ತಿಯಾಗಿದೆ. ಆಯ್ಕೆಯ ಕುಶಲತೆಯು ಸಂಕಲ್ಪವನ್ನು ಕರಗಿಸುವುದಿಲ್ಲ. ಅದು ಸಂಕಲ್ಪದ ಸೇವೆಯನ್ನೇ ಮಾಡುತ್ತದೆ.

ಸಾಧನದಲ್ಲಿ ದಯೆಯನ್ನು ಹುಡುಕಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು ದೇಹದೊಳಗೆ ಅರಳುವ ಗುಂಡನ್ನು ತಯಾರಿಸಿದರು. ಅದು ಮನುಷ್ಯರ ಮೇಲೆ ಪ್ರಯೋಗಿಸಲಾಗದಷ್ಟು ಕ್ರೂರವೆಂದು 1899ರ ಹೇಗ್ ಸಮ್ಮೇಳನದ ಘೋಷಣೆಯು ಯುದ್ಧದಲ್ಲಿ ಅಂಥ ಗುಂಡುಗಳನ್ನು ನಿಷೇಧಿಸಿತು. ಯುದ್ಧದಲ್ಲಿ ಕ್ರೌರ್ಯವೆನಿಸಿದ ಅದೇ ತತ್ತ್ವದ ಗುಂಡು ಬೇಟೆಯಲ್ಲಿ ಕರುಣೆಯೆನಿಸಿದೆ! ಎರಡು ವಾದಗಳೂ ತಮ್ಮ ತಮ್ಮ ಸ್ಥಾನದಲ್ಲಿ ಸುಳ್ಳಲ್ಲ. ಸೈನಿಕನನ್ನು ಯುದ್ಧದಿಂದ ತಪ್ಪಿಸಿದರೆ ಸಾಕು, ಅವನು ಬದುಕಬಹುದು. ಎಲ್ಕಿನ ವಿಷಯದಲ್ಲಿ ಬದುಕು ಎಂಬುದನ್ನು ಲೆಕ್ಕದಿಂದ ಮೊದಲೇ ಹೊಡೆದುಹಾಕಲಾಗಿದೆ. ಜಮಾ ಬದಿಯನ್ನೇ ಹರಿದು ಎಸೆದು ಖರ್ಚನ್ನು ಕಡಿಮೆ ಮಾಡಿದೆನೆನ್ನುವ ಗುಮಾಸ್ತನಂತೆ.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇಂಥ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡಿರುವರು. ಅನೇಕ ಸಣ್ಣ ಜೀವಿಗಳಿಗಿಂತ ಒಂದು ದೊಡ್ಡ ಪ್ರಾಣಿಯನ್ನು ಕೊಲ್ಲುವುದು ಲೇಸೆಂಬ ವಾದ, ಒಂದು ಹಿಂಸ್ರಪ್ರಾಣಿಯನ್ನು ಕೊಂದು ಹಲವನ್ನು ಉಳಿಸುವೆನೆಂಬ ವಾದ, ದುಃಖದಲ್ಲಿರುವ ಜೀವಿಯನ್ನು ಕೊಂದು ಬಿಡುಗಡೆ ಮಾಡುವೆನೆಂಬ ವಾದ, ಮೂರನ್ನೂ ಅವರು ಒಪ್ಪುವುದಿಲ್ಲ. ಸಮಂತಭದ್ರಾಚಾರ್ಯರಂತೂ ರತ್ನಕರಂಡಕದಲ್ಲಿ ಪಾಪೋಪದೇಶವನ್ನೂ ಹಿಂಸಾದಾನವನ್ನೂ ಅನರ್ಥದಂಡಗಳಲ್ಲಿ ಸೇರಿಸಿರುವರು. ಕಾಡತೂಸಿನ ಮಾರಾಟ ಹಿಂಸಾದಾನ, ಸಲಹೆ ಪಾಪೋಪದೇಶ. ವ್ಯಾಪಾರಿಯಾದ ನನಗೆ ಇನ್ನೊಂದೂ ಗೊತ್ತು: ಒಳ್ಳೆಯ ಸಲಹೆ ಕೊಟ್ಟ ಅಂಗಡಿಗೇ ಗಿರಾಕಿ ಮರಳಿ ಬರುವನು.

ಶಾಸ್ತ್ರ ಇಷ್ಟು ಸ್ಪಷ್ಟವಾಗಿದ್ದರೂ ದವಡೆ ಮುರಿದ ಆ ಪ್ರಾಣಿಯ ಚಿತ್ರ ನನ್ನನ್ನು ಬಿಡಲಿಲ್ಲ. ಅನುಕಂಪೆಯೂ ಸಮ್ಯಕ್ತ್ವದ ಲಕ್ಷಣವಲ್ಲವೇ? ಕೆಲವು ದಿನಗಳ ನಂತರ ಒಂದು ಅಂಶ ಹೊಳೆಯಿತು. ಆ ಬೇಟೆಗಾರರ ನಿಯಮಗಳಲ್ಲಿ ಎರಡು ಭಾಗಗಳಿವೆ: ಎಲ್ಲಿ ಹೊಡೆಯಬೇಕೆಂಬುದು ಒಂದು, ಯಾವಾಗ ಹೊಡೆಯಕೂಡದೆಂಬುದು ಇನ್ನೊಂದು. ಎರಡನೆಯದು ನಮಗೆ ಪರಕೀಯವಲ್ಲ. ಮೃಗಸೇನನೆಂಬ ಬೆಸ್ತನು ಬಲೆಗೆ ಬಿದ್ದ ಮೊದಲ ಮೀನನ್ನು ಬಿಡುವೆನೆಂದು ಮುನಿಗಳಲ್ಲಿ ವ್ರತ ತೊಟ್ಟನು. ನೋಯಿಸದ ಬಲೆಯನ್ನು ಹೆಣೆಯಲು ಕಲಿಯಲಿಲ್ಲ. ಮಹಾವೀರರ ಜೀವವೂ ಒಂದು ಭವದಲ್ಲಿ ಪುರೂರವನೆಂಬ ಬೇಡನಾಗಿತ್ತು. ಮುನಿಗಳನ್ನು ಜಿಂಕೆಯೆಂದು ಭ್ರಮಿಸಿ ಅವನು ಬಿಲ್ಲನ್ನೆತ್ತಿದಾಗ ಮಡದಿ ಕಾಳಿಕೆಯು ಅವನನ್ನು ತಡೆದಳು.

ಹೀಗೆಂದು ಅಳಿಯನಿಗೆ ತಿಳಿಸಿದೆನು: ದಾಸ್ತಾನನ್ನು ನಷ್ಟವಾದರೂ ಹಿಂದಿರುಗಿಸು, ಯಾವ ಗುಂಡೆಂದು ಕೇಳಿದರೆ ಹೇಳಬೇಡ, ಮಾತು ಬಂದರೆ ಸಂದೇಹವಿದ್ದಾಗ, ದೂರವಿದ್ದಾಗ, ಬೆಳಕು ಕುಗ್ಗಿದಾಗ ಹೊಡೆಯಬೇಡಿರೆಂದು ಹೇಳು. “ಆದರೂ ಅವನು ತಪ್ಪು ಗುಂಡನ್ನೇ ಒಯ್ದರೆ?” ಎಂದನು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆನು.

ಮೂರು ವಾರಗಳ ನಂತರ ಅವನೇ ಕರೆ ಮಾಡಿದನು. ಪೆಟ್ಟಿಗೆಗಳು ಹಿಂದಿರುಗಿವೆ. ಕಾಫಿ ಕೊಳ್ಳಲು ಬಂದ ಒಬ್ಬ ಮುದುಕನಿಗೆ ಮಂಕುಬೆಳಕಿನ ಮಾತನ್ನು ಹೇಳಿದನಂತೆ. ಆ ಮುದುಕನು, “ನನ್ನ ತಂದೆಯೂ ಹೀಗೆಯೇ ಹೇಳುತ್ತಿದ್ದನು” ಎಂದು ನಕ್ಕು, ಹಣ ಕೊಟ್ಟು ಬೆಟ್ಟದ ಕಡೆಗೆ ಗಾಡಿ ತಿರುಗಿಸಿದನಂತೆ. ಅಲ್ಲಿ ಅವನು ಏನು ಮಾಡಿದನೆಂಬುದು ನನ್ನ ಅಳಿಯನಿಗೆ ತಿಳಿಯದು.